ಕೆಂಪು ಶಾಯಿಯ ಹೂವು

ಕಾಗವಾಡ
14 ಎಪ್ರಿಲ್ 2025

ಬ್ರಾಹ್ಮಿ,

ಜಯಜಿನೇಂದ್ರ. ನಿನ್ನ ಮಾರ್ಚಿನ ಪತ್ರ ತಲುಪಿತು. ತಿದ್ದಿ ಇದರ ಜೊತೆಗೇ ಇಟ್ಟಿದ್ದೇನೆ. ಕೆಂಪು ಹೆಚ್ಚಾಗಿದೆ ಎಂದು ಮೂಗು ಮುರಿಯಬೇಡ. ನೀನು ಚಿಕ್ಕೋಡಿಯ ನರ್ಸಿಂಗ್ ಹಾಸ್ಟೆಲಿನಲ್ಲಿ ಇದ್ದಾಗಿನಿಂದ ನಮ್ಮಿಬ್ಬರ ರೂಢಿ ಇದು. ನೀನು ಬರೆಯುವುದು, ನಾನು ತಿದ್ದಿ ವಾಪಸ್ ಕಳಿಸುವುದು. ಚಿಕ್ಕೋಡಿ ಆದರೇನು, ಜಪಾನ್ ಆದರೇನು, ಕನ್ನಡ ಸಾಲಿ ಅಕ್ಕೋರ ಮಗಳು ತಪ್ಪು ಬರೆದರೆ ಜನ ನನ್ನನ್ನೇ ಆಡಿಕೊಳ್ಳುತ್ತಾರೆ.

ರವಿವಾರ ಫೋನಿನಲ್ಲಿ ಆಡುವುದನ್ನು ನಾನು ಮಾತು ಎಂದು ಲೆಕ್ಕ ಹಿಡಿಯುವುದಿಲ್ಲ. ನಿಮ್ಮಪ್ಪ ದ್ರಾಕ್ಷಿ ದರದಿಂದ ಶುರು ಮಾಡಿ ಮಿರಜದ ಮೋಡದವರೆಗೆ ಹೋಗಿ ಬರುವಷ್ಟರಲ್ಲಿ ನಿನ್ನ ಕೆಲಸದ ಪಾಳಿ ಬಂದಿರುತ್ತದೆ. ಪತ್ರ ಹಾಗಲ್ಲ. ಅದರಲ್ಲಿ ನಾವಿಬ್ಬರೇ.

ನಿನ್ನೆ ಬಸದಿಯಲ್ಲಿ ನಮ್ಮ ಓಣಿಯ ಮಂಗಲ ನನ್ನನ್ನು ಹಿಡಿದು ನಿಲ್ಲಿಸಿದಳು. "ಅಕ್ಕೋರ, ನಿಮ್ಮ ಬ್ರಾಹ್ಮಿ ಜಪಾನಿ ಮಂದಿ ಹಂಗ ಮಾತಾಡ್ತಾಳಂತಲ್ಲರಿ? ಯಾವ ಕ್ಲಾಸಿಗೆ ಹೊಕ್ಕಾಳ?" ಎಂದಳು. "ಯಾವ ಕ್ಲಾಸೂ ಇಲ್ಲವಾ. ದಿನಾ ಮುದುಕರಿಗೆ ಜಳಕಾ ಮಾಡಸ್ಕೊಂತ, ಉಣ್ಣಿಸ್ಕೊಂತ ತಾನಾ ಕಲತಾಳ" ಎಂದೆ. ಹೇಳುವಾಗ ನನ್ನ ಕೊರಳು ಸ್ವಲ್ಪ ಉದ್ದವಾಗಿತ್ತು ಎಂದು ನಿಮ್ಮಪ್ಪ ಆಮೇಲೆ ಅಣಕಿಸಿದರು. ಆಗಲಿ. ಇಷ್ಟು ವರ್ಷ ಊರವರ ಮಕ್ಕಳನ್ನು ಹೊಗಳಿದ್ದಾಯಿತು, ಈಗ ನನ್ನ ಮಗಳ ಸರದಿ.

ತೋಟದಲ್ಲಿ ಬಳ್ಳಿ ಕತ್ತರಿಸುವ ಕೆಲಸ ನಡೆದಿದೆ. ನೀನು ಹೇಗೆ ಕಲಿಯುತ್ತೀ ಎಂದು ವಿವರವಾಗಿ ಬರೆ. ನನಗೆ ತಿಳಿಯಬೇಕು.

ನಿನ್ನ ಅವ್ವ,
ಕಾಶಿಬಾಯಿ


ನಾಗಾನೊ, ಜಪಾನ್
6 ಮೇ 2025

ಅವ್ವ,

ಜಯಜಿನೇಂದ್ರ. ತಿದ್ದಿದ ಪತ್ರ ಬಂತು. ಎರಡನೆಯ ಪುಟ ನೋಡಿದರೆ ಯಾರೋ ಕುಂಕುಮದ ಬಟ್ಟಲು ಉರುಳಿಸಿದ ಹಾಗಿದೆ.

ಕಲಿತದ್ದು ಹೇಗೆ ಎಂದು ಕೇಳಿದ್ದೀಯ. ಹೊರಡುವ ಮುಂಚೆ ಪುಣೆಯಲ್ಲಿ ಕಲಿಸಿದ ನಾಲ್ಕು ಮಾತು ಇಲ್ಲಿ ನಮಸ್ಕಾರ ಹೇಳುವುದಕ್ಕೆ ಸಾಕಾಯಿತು, ಅದರ ಮುಂದಿನದಕ್ಕೆ ಸಾಲಲಿಲ್ಲ. ಉಳಿದದ್ದನ್ನು ಈ ವೃದ್ಧಾಶ್ರಮದ ಹಾಸಿಗೆಗಳ ಪಕ್ಕದಲ್ಲೇ ಹೆಕ್ಕಿಕೊಂಡೆ. ಮೊದಲು ಬಂದ ಮಾತುಗಳು ನೋವು, ಚಳಿ, ಮೆಲ್ಲಗೆ, ಸ್ವಲ್ಪ ತಿರುಗಿಸು. ಕೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದು ನನ್ನ ಕೋಣೆಯ ಗೋಡೆಗೆ, ಬಾಗಿಲಿಗೆ, ಅನ್ನದ ಕುಕ್ಕರಿಗೂ ಅಂಟಿಸುತ್ತಿದ್ದೆ. ಒಂದು ದಿನ ಅಂಗಡಿಯಲ್ಲಿ ಸೋಪು ಕೇಳಿದಾಗ ಅಲ್ಲಿಯ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನಾನು ಎಂಬತ್ತು ದಾಟಿದ ಅಜ್ಜಿಯ ಹಾಗೆ ಮಾತಾಡುತ್ತೇನಂತೆ. ಅಜ್ಜಿಯರಿಂದ ಕಲಿತವಳು ಇನ್ನು ಹೇಗೆ ಮಾತಾಡಲಿ?

ಓದು ಬರಹ ಮಾತ್ರ ಹೀಗೆ ಬರುವಂಥದ್ದಲ್ಲ. ಇವರ ಅಕ್ಷರಗಳು ಸಾವಿರಾರು. ಆಗ ನಿನ್ನ ಉಪಾಯ ನೆನಪಾಯಿತು. ನೀನು ಒಂದನೆಯ ಇಯತ್ತೆಯ ಮಕ್ಕಳಿಗೆ ತಾಟಿನಲ್ಲಿ ಜೋಳ ಹರಡಿ ಬೆರಳಿನಿಂದ ತಿದ್ದಿಸುತ್ತಿದ್ದೆಯಲ್ಲ, ಹಾಗೆ ನಾನೂ ಟ್ರೇಯಲ್ಲಿ ಅಕ್ಕಿ ಹರಡಿ ಬಿಡುವಿನ ಹೊತ್ತಿನಲ್ಲಿ ತಿದ್ದುತ್ತಿದ್ದೆ. ಹೋದ ತಿಂಗಳು ಇಲ್ಲಿರುವ ಒಬ್ಬ ಅಜ್ಜಿ ತಮ್ಮ ಗಾಲಿಕುರ್ಚಿ ಉರುಳಿಸಿಕೊಂಡು ಬಂದು ನನ್ನ ಕೈ ಹಿಡಿದು ನಿಲ್ಲಿಸಿದರು. ಅಕ್ಕಿಯನ್ನು ಸರಿಮಾಡಿ, ಅದೇ ಅಕ್ಷರವನ್ನು ತಾವು ಬರೆದು ತೋರಿಸಿದರು. ಅವರ ಹೆಸರು ಫುಮಿ. ವಯಸ್ಸು ಎಂಬತ್ತೆಂಟು. ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದರಂತೆ, ನಿನ್ನ ಹಾಗೆ.

ಈಗ ಮಧ್ಯಾಹ್ನ ಅವರ ಹತ್ತಿರ ಪಾಠ. ಅವರೂ ಕೆಂಪಿನಲ್ಲೇ ತಿದ್ದುತ್ತಾರೆ. ಆದರೆ ಚೆನ್ನಾಗಿ ಬರೆದರೆ ಒಂದು ಹೂವು ಹಾಕುತ್ತಾರೆ. ಸುರುಳಿ ಸುತ್ತಿ, ಸುತ್ತಲೂ ಎಸಳು ಬರೆಯುವುದು. ಇಲ್ಲಿಯ ಶಾಲೆಗಳಲ್ಲೆಲ್ಲ ಅದು ರೂಢಿಯಂತೆ. ಮೊನ್ನೆ ನನಗೆ ಮೊದಲನೆಯ ಹೂವು ಬಿತ್ತು ಅವ್ವ. ಕೋಣೆಗೆ ಹೋಗಿ ಅದನ್ನೇ ನೋಡುತ್ತ ಕುಳಿತೆ.

ಅಪ್ಪನಿಗೆ ಹೇಳು, ಇಲ್ಲಿಯೂ ದ್ರಾಕ್ಷಿ ತೋಟಗಳಿವೆ. ಒಂದೊಂದು ಗೊನೆಗೂ ಕಾಗದದ ಚೀಲ ತೊಡಿಸುತ್ತಾರೆ.

ನಿನ್ನ
ಬ್ರಾಹ್ಮಿ


ಕಾಗವಾಡ
30 ಮೇ 2025

ಬ್ರಾಹ್ಮಿ,

ಜಯಜಿನೇಂದ್ರ. ದ್ರಾಕ್ಷಿಯ ಸುದ್ದಿ ಹೇಳಿದೆ. "ನಮ್ಮ ಮಂದಿಗೆ ಅಂಗಿ ಸಿಗವಲ್ಲವು, ಅವರು ದ್ರಾಕ್ಷಿಗೆ ಅಂಗಿ ತೊಡಸ್ಯಾರ" ಎಂದು ನಿಮ್ಮಪ್ಪ ಇಡೀ ಓಣಿಗೆ ಸಾರಿಕೊಂಡು ಬಂದರು.

ಪತ್ರ ತಿದ್ದಿ ಇಟ್ಟಿದ್ದೇನೆ. ಈ ಸಲ ತಪ್ಪು ಜಾಸ್ತಿ. ಗಡಿಬಿಡಿಯಲ್ಲಿ ಬರೆದಿದ್ದೀಯ, ಮನಸ್ಸು ಬೇರೆಲ್ಲೋ ಇತ್ತು ಎಂದು ಕಾಣುತ್ತದೆ.

ಹೂವಿನ ವಿಷಯ ಓದಿದೆ. ನಾನು ಮೂವತ್ತು ವರ್ಷದ ಮೇಲೆ ಕಲಿಸಿದ್ದೇನೆ, ಒಂದು ಮಗುವಿನ ಪಾಟಿಯ ಮೇಲೂ ಹೂವು ಬರೆದಿಲ್ಲ. ಸರಿ ಇದ್ದರೆ ಒಂದು ಗೆರೆ, ತಪ್ಪಿದ್ದರೆ ಒಂದು ಸುತ್ತು. ಅಷ್ಟು ಸಾಕು. ಹೂವು ಹಾಕಿದರೆ ಮಗು ಅಕ್ಷರ ಬಿಟ್ಟು ಹೂವಿನ ಬೆನ್ನು ಹತ್ತುತ್ತದೆ. ಆಕೆಯ ಸಾಲಿ ಹುಡುಗರು ಏನಾದರೋ ಗೊತ್ತಿಲ್ಲ. ನನ್ನ ಕೈಯಲ್ಲಿ ಕಲಿತವರು ಅಥಣಿಯಲ್ಲಿ ಡಾಕ್ಟರಾಗಿದ್ದಾರೆ, ರಾಯಬಾಗದಲ್ಲಿ ವಕೀಲರಾಗಿದ್ದಾರೆ.

ಇನ್ನೊಂದು ಮಾತು. ಕಾಳು ಹರಡಿ ತಿದ್ದಿಸುವುದು ನನ್ನ ಉಪಾಯ. ಆಕೆ ಬಂದು ಅಕ್ಕಿ ಸರಿಮಾಡಿ ಬರೆದು ತೋರಿಸಿದಳು ಎಂದರೆ ಅದೇನು ದೊಡ್ಡ ಕೆಲಸ? ಬಿತ್ತಿದವರು ಒಬ್ಬರು, ರಾಶಿ ಮಾಡಿದವರು ಇನ್ನೊಬ್ಬರು. ಬಸದಿಯಲ್ಲಿ ನಾನು ಮಂಗಲಳಿಗೆ ನೀನು ಸ್ವಂತ ಕಲಿತೆ ಎಂದು ಹೇಳಿದ್ದೇನೆ. ಈಗ ಆ ಮಾತನ್ನು ತಿದ್ದಲು ಹೋಗುವುದಿಲ್ಲ.

ಕಾಶಿಬಾಯಿ


ನಾಗಾನೊ
20 ಜುಲೈ 2025

ಅವ್ವ,

ಜಯಜಿನೇಂದ್ರ. ಹೋದ ಪತ್ರದ ಕೊನೆಗೆ ನೀನು "ನಿನ್ನ ಅವ್ವ" ಎಂದು ಬರೆದಿರಲಿಲ್ಲ. ಬರೀ ಹೆಸರು ಹಾಕಿದ್ದೆ, ಸಾಲಿಯ ಹಾಜರಿಗೆ ಸಹಿ ಹಾಕಿದ ಹಾಗೆ. ಸಿಟ್ಟೇ?

ಒಂದು ಸುದ್ದಿ ಇದೆ. ಬರುವ ಜನವರಿಯಲ್ಲಿ ನಮ್ಮ ಕೆಲಸದ ಸರ್ಕಾರಿ ಪರೀಕ್ಷೆ. ಇಲ್ಲಿಯವರು ಬರೆಯುವಂಥದ್ದೇ, ಪೂರ್ತಿ ಜಪಾನಿಯಲ್ಲಿ. ನಾಪಾಸಾದರೆ ನನ್ನ ಕರಾರು ಬೇಸಿಗೆಗೆ ಮುಗಿಯುತ್ತದೆ, ಊರಿಗೆ ಬರುತ್ತೇನೆ. ಪಾಸಾದರೆ ಎಷ್ಟು ವರ್ಷ ಬೇಕಾದರೂ ಇರಬಹುದು. ಹೆಸರು ಕೊಟ್ಟಿದ್ದೇನೆ. ಫುಮಿಸಾನ್ ಹಳೆಯ ಪ್ರಶ್ನೆಪತ್ರಿಕೆ ತರಿಸಿಕೊಂಡು ಕುಳಿತಿದ್ದಾರೆ. ಸಾನ್ ಎಂದರೆ ನಮ್ಮಲ್ಲಿ ಅಕ್ಕೋರು, ಸಾವಕಾರರು ಎನ್ನುವ ಹಾಗೆ, ಮರ್ಯಾದೆಯ ಮಾತು.

ನೀನು ತಿದ್ದಿ ಕಳಿಸಿದ ಪತ್ರವನ್ನು ಅವರಿಗೆ ತೋರಿಸಿದೆ. ನಮ್ಮವ್ವ ಅಲ್ಲಿಂದ ತಿದ್ದುತ್ತಾಳೆ ಎಂದು ಹೇಳಿದೆ. ಕೆಂಪು ಗುರುತುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಅವತ್ತು ಪಾಠ ಮಾಡಲಿಲ್ಲ, ಕುರ್ಚಿ ತಿರುಗಿಸಿಕೊಂಡು ಕಿಟಕಿಯ ಕಡೆ ಹೋದರು. ಯಾಕೋ ತಿಳಿಯಲಿಲ್ಲ.

ನಿನ್ನ
ಬ್ರಾಹ್ಮಿ


ಕಾಗವಾಡ
24 ಆಗಸ್ಟ್ 2025

ಬ್ರಾಹ್ಮಿ,

ಜಯಜಿನೇಂದ್ರ. ಸಿಟ್ಟೇ ಎಂದು ಕೇಳಿದ್ದೀಯ. ಸಿಟ್ಟಲ್ಲ, ಹೊಟ್ಟೆಕಿಚ್ಚು. ಬರೆದುಬಿಡುತ್ತೇನೆ, ಮುಚ್ಚಿಟ್ಟುಕೊಂಡು ಕೂರುವ ಸ್ವಭಾವ ನನ್ನದಲ್ಲ.

ನಿನಗೆ ಬ್ರಾಹ್ಮಿ ಎಂದು ಯಾಕೆ ಹೆಸರಿಟ್ಟೆ? ಆದಿನಾಥ ಸ್ವಾಮಿ ತನ್ನ ಮಗಳು ಬ್ರಾಹ್ಮಿಯನ್ನು ಹತ್ತಿರ ಕೂರಿಸಿಕೊಂಡು ತಾನೇ ಅಕ್ಷರ ಕಲಿಸಿದ. ಬೇರೆ ಗುರುವಿಗೆ ಒಪ್ಪಿಸಲಿಲ್ಲ. ನಿಮ್ಮಜ್ಜಿ ಪದ್ಮಾವತಿ ಎಂದಿಡು ಎಂದು ಹಟ ಹಿಡಿದಿದ್ದರು. ನಾನು ಕೇಳಲಿಲ್ಲ. ನನ್ನ ಮಗಳ ಬೆರಳು ಹಿಡಿದು ಬರೆಸುವವಳು ನಾನು ಎಂಬ ಆಸೆ. ನಿನ್ನ ಮೊದಲ ಮಾತು, ಮೊದಲ ಅಕ್ಷರ ಎರಡೂ ನನ್ನವು. ಈಗ ಅಲ್ಲಿ ಯಾರೋ ಒಬ್ಬಳು ನಿನಗೆ ಮತ್ತೊಮ್ಮೆ ಮಾತು ಕಲಿಸುತ್ತಿದ್ದಾಳೆ, ಮತ್ತೊಮ್ಮೆ ಬೆರಳು ಹಿಡಿದಿದ್ದಾಳೆ. ಹೆತ್ತ ಕಷ್ಟ ಒಂದು ಬಿಟ್ಟು ನನ್ನದೆಲ್ಲ ಆಕೆಗೆ ಹೋಯಿತು.

ನಿಮ್ಮಪ್ಪನಿಗೆ ಹೇಳಿದರೆ ನಗುತ್ತಾರೆ. "ಏ ಕಾಶಿ, ಎಂಬತ್ತೆಂಟರ ಮುದಕಿ ಜೋಡಿ ಜಿದ್ದು ಕಟ್ಟೀಯಲ್ಲ" ಎನ್ನುತ್ತಾರೆ. ಅವರಿಗೇನು, ಬಳ್ಳಿಗಳು ಯಾವ ಭಾಷೆಯನ್ನೂ ಕಲಿಯುವುದಿಲ್ಲ.

ನಾನು ಅಥಣಿಯ ಡಾಕ್ಟರರ ಹತ್ತಿರ ಮಾತಾಡಿದ್ದೇನೆ. ನನ್ನ ವಿದ್ಯಾರ್ಥಿ, ಹೇಳಿದೆನಲ್ಲ. ಬೇಸಿಗೆಗೆ ನೀನು ಬಂದರೆ ಅವರ ದವಾಖಾನೆಯಲ್ಲಿ ಹಿರಿಯ ನರ್ಸಿನ ಕೆಲಸ ಕೊಡುತ್ತಾರೆ. ದಿನಾ ಬಸ್ಸಿಗೆ ಹೋಗಿ ಹೊತ್ತು ಮುಳುಗುವುದರೊಳಗೆ ಊಟಕ್ಕೆ ಮನೆಗೆ ಬರಬಹುದು.

ಒಂದೇ ಪ್ರಶ್ನೆ. ಪಾಸಾದರೆ ಅಲ್ಲೇ ಉಳಿಯುತ್ತೀಯಾ? ಉತ್ತರವನ್ನು ಸ್ಪಷ್ಟವಾಗಿ, ಪೂರ್ಣ ವಾಕ್ಯದಲ್ಲಿ ಬರೆ.

ಕಾಶಿಬಾಯಿ


ನಾಗಾನೊ
16 ನವೆಂಬರ್ 2025

ಅವ್ವ,

ಜಯಜಿನೇಂದ್ರ. ಪತ್ರ ತಡವಾಯಿತು. ಓದು, ಪಾಳಿ, ಮತ್ತೆ ಓದು.

ಇಲ್ಲಿ ಈಗ ಬೇಗ ಕತ್ತಲಾಗುತ್ತದೆ. ಸಂಜೆ ಐದಕ್ಕೆ ದೀಪ ಬೇಕು. ನಮ್ಮ ಜೈನರ ನೇಮದಂತೆ ಹೊತ್ತು ಇರುವಾಗಲೇ ಉಣ್ಣಬೇಕು ಎಂದರೆ ಪಾಳಿಯ ನಡುವೆಯೇ ಉಣ್ಣಬೇಕು, ಮೊದಲ ಚಳಿಗಾಲದಲ್ಲಿ ಎಷ್ಟೋ ದಿನ ಉಣ್ಣದೆ ಹಾಗೇ ಮಲಗಿದ್ದೂ ಉಂಟು. ನಿನಗೆ ಹೇಳಿರಲಿಲ್ಲ. ಈ ವರ್ಷ ಫುಮಿಸಾನ್ ನಮ್ಮ ಮೇಲಿನವರ ಹತ್ತಿರ ಹೋಗಿ, ಈ ಹುಡುಗಿಯ ಮನೆಯಲ್ಲಿ ಹೀಗೊಂದು ನೇಮ ಇದೆ ಎಂದು ಹೇಳಿ ನನಗೆ ನಾಲ್ಕಕ್ಕೆ ಬಿಡುವು ಕೊಡಿಸಿದ್ದಾರೆ. ಕಿಟಕಿಯಲ್ಲಿ ಕುಳಿತು ಗುಡ್ಡದ ಮೇಲಿನ ಬಿಸಿಲನ್ನೇ ನೋಡುತ್ತಿರುತ್ತಾರೆ.

ನಿಮ್ಮವ್ವ ಈ ಹೊತ್ತಿಗೆ ನಿನ್ನನ್ನು ಏನೆಂದು ಕರೆಯುತ್ತಿದ್ದಳು ಎಂದು ಒಂದು ದಿನ ಕೇಳಿದರು. ಹೇಳಿದೆ. ಮತ್ತೆ ಮತ್ತೆ ಹೇಳಿಸಿಕೊಂಡು ಕಲಿತರು. ಈಗ ಬಿಸಿಲು ಇಳಿಯತೊಡಗಿದರೆ ಕಾರಿಡಾರಿನ ತುದಿಗೆ ಕೇಳುವಂತೆ ಕರೆಯುತ್ತಾರೆ, "ಬ್ರಾಹ್ಮೀ, ಹೊತ್ತ ಮುಳಗಾಕತ್ತೈತಿ, ಉಣ್ಣಾಕ ಬಾ." ಫೋನು ಬಿಟ್ಟರೆ ಈ ಊರಿನಲ್ಲಿ ಕನ್ನಡದ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ನನಗೆ ಅಳು ಬಂತು.

ನಿನಗೆ ಖುಷಿಯಾಗುತ್ತದೆ ಎಂದು ಬರೆದೆ.

ನಿನ್ನ
ಬ್ರಾಹ್ಮಿ


ಕಾಗವಾಡ
8 ಡಿಸೆಂಬರ್ 2025

ಬ್ರಾಹ್ಮಿ,

ಈ ಸಲ ನಿನ್ನ ಪತ್ರ ವಾಪಸ್ ಬರುತ್ತಿಲ್ಲ. ತಿದ್ದಿಲ್ಲ. ನಿನಗೆ ಅಲ್ಲಿ ಹೂವು ಹಾಕುವವರಿದ್ದಾರೆ, ಅವರೇ ತಿದ್ದಲಿ.

ಕೇಳಿದ ಪ್ರಶ್ನೆಗೆ ಉತ್ತರವಿಲ್ಲ. ಉತ್ತರ ಬರೆಯದ ಮಗುವಿಗೆ ಉತ್ತರ ಗೊತ್ತಿರುವುದಿಲ್ಲ, ಇಲ್ಲವೇ ಹೇಳಲು ಹೆದರಿಕೆ ಇರುತ್ತದೆ. ನಿನ್ನದು ಎರಡನೆಯದು.

ಖುಷಿಯಾಗುತ್ತದೆ ಎಂದು ಬರೆದಿದ್ದೀಯ. ಆಗಲಿಲ್ಲ. ಆ ಕರೆ ನನ್ನದು. ನೀನು ನಡೆಯಲು ಕಲಿತಾಗಿನಿಂದ ನಾನು ತೋಟದ ಬದುವಿನ ಮೇಲೆ ನಿಂತು ಕೂಗಿದ್ದು. ನೀನು ಬಳ್ಳಿಯ ಕೆಳಗೆ ಅಡಗಿ, ಮೂರು ಸಲ ಕರೆಯುವವರೆಗೆ ಬರುತ್ತಿರಲಿಲ್ಲ. ಈಗಲೂ ಹೊತ್ತು ಇಳಿದಾಗ ಬದುವಿಗೆ ಹೋಗಿ ನಿಲ್ಲುತ್ತೇನೆ. ಕರೆಯುವುದಿಲ್ಲ, ಸುಮ್ಮನೆ ನಿಂತು ಬರುತ್ತೇನೆ. ಯಾರಿಗೂ ಹೇಳಿಲ್ಲ, ನಿಮ್ಮಪ್ಪನಿಗೂ. ಅಲ್ಲಿ ಹೊತ್ತು ಇಳಿದಾಗ ಇನ್ನೊಬ್ಬಳು ನನ್ನ ಬಾಯಿಯ ಮಾತು ತೆಗೆದುಕೊಂಡು ನನ್ನ ಮಗಳನ್ನು ಊಟಕ್ಕೆ ಕರೆಯುತ್ತಿರುತ್ತಾಳೆ, ನೀನು ಒಂದೇ ಕರೆಗೆ ಓಡಿ ಹೋಗುತ್ತಿರುತ್ತೀ. ಇದಕ್ಕೆ ಯಾವ ತಾಯಿ ಖುಷಿಪಡುತ್ತಾಳೆ, ಹೇಳು.

ನೀನು ಒಂದು ಅಕ್ಷರ ಕಲಿತರೆ ನನ್ನಿಂದ ಒಂದು ಹೆಜ್ಜೆ ದೂರ ಹೋಗುತ್ತೀ. ನೀನು ಜಾಣೆ, ಪಾಸಾಗುತ್ತೀ. ಅದಕ್ಕೇ ಇವತ್ತು ಬಸದಿಯಲ್ಲಿ ಕೈಮುಗಿದು ನನ್ನ ಮಗಳು ನಾಪಾಸಾಗಲಿ ಎಂದು ಬೇಡಿಕೊಂಡೆ. ಸಾಲಿಯ ಯಾವ ದಡ್ಡ ಮಗುವಿಗೂ ಬಯಸದ್ದನ್ನು ನಿನಗೆ ಬಯಸಿದೆ. ತೀರ್ಥಂಕರರು ಯಾರ ಬೇಡಿಕೆಯನ್ನೂ ಈಡೇರಿಸುವುದಿಲ್ಲ ಎಂದು ಮಕ್ಕಳಿಗೆ ಪಾಠ ಹೇಳಿದವಳೇ ನಾನು. ಆದರೂ ಬೇಡಿದೆ.

ಕಾಶಿಬಾಯಿ


ನಾಗಾನೊ
2 ಫೆಬ್ರವರಿ 2026

ಅವ್ವ,

ಜಯಜಿನೇಂದ್ರ. ಪರೀಕ್ಷೆ ಮುಗಿಯಿತು. ಚೆನ್ನಾಗಿ ಬರೆದಿದ್ದೇನೆ.

ನಿನ್ನ ಪತ್ರ ಬಂದದ್ದು ಪರೀಕ್ಷೆಗೆ ಮುಂಚೆ. ಲಕೋಟೆಯಲ್ಲಿ ನನ್ನ ಹಳೆಯ ಪತ್ರ ಇರಲಿಲ್ಲ. ತಿರುಗಿಸಿ, ಕೊಡವಿ ನೋಡಿದೆ. ಎಷ್ಟು ಕೆಂಪಿದ್ದರೂ ನನ್ನ ಪತ್ರ ವಾಪಸ್ ಬಂತು ಎಂದರೆ ನೀನು ಪ್ರತಿ ಸಾಲನ್ನೂ ಓದಿದ್ದೀಯ ಎಂದು ಅರ್ಥ. ಈ ಸಲ ಅದಿರಲಿಲ್ಲ.

ನಿನ್ನ ಪತ್ರ ಬಂದ ದಿನ ಫುಮಿಸಾನ್ ಕೇಳದೆ ಬಿಡುವುದಿಲ್ಲ. "ಎಲ್ಲಿ, ನಿಮ್ಮವ್ವನ ಕೆಂಪು ತೋರಸು" ಎಂದರು. ಅವರ ಮಾತನ್ನು ನಮ್ಮ ಮನೆಯ ಮಾತಿನಲ್ಲೇ ಬರೆಯುತ್ತಿದ್ದೇನೆ, ನನಗೆ ಹಾಗೇ ಕೇಳಿಸುತ್ತದೆ. ಈ ಸಲ ಇಲ್ಲ ಎಂದೆ. ಯಾಕೆ ಎಂದರು. ಹಾಗಾದರೆ ಬರೆದದ್ದನ್ನು ಓದು ಎಂದು ಪಟ್ಟು ಹಿಡಿದರು. ಒಂದೊಂದೇ ಸಾಲನ್ನು ಜಪಾನಿಗೆ ತಿರುಗಿಸಿ ಹೇಳಿದೆ. ಬದುವಿನ ಮೇಲೆ ನಿಂತು ಬರುವುದು, ಬಸದಿಯಲ್ಲಿ ಬೇಡಿಕೊಂಡದ್ದು, ಯಾವುದನ್ನೂ ಬಿಡಲಿಲ್ಲ. ನಾನು ಕಲಿತ ಜಪಾನಿಯೆಲ್ಲ ಅವತ್ತು ಖರ್ಚಾಯಿತು. ಪರೀಕ್ಷೆ ಅಷ್ಟು ಕಠಿಣ ಇರಲಿಲ್ಲ.

ಕೇಳಿ ಮುಗಿದ ಮೇಲೆ ಅವರು ಹೇಳಿದರು, "ಆ ದಿನ ನೀ ಕೆಂಪು ಪತ್ರ ತೋರಿಸಿದಿ, ನಾ ಪಾಠ ಮಾಡಲಿಲ್ಲ. ನೆನಪೈತೇನ? ನನಗ ಹೊಟ್ಟಿ ಉರೀತು. ನನ್ನ ಮಗಳು ಟೋಕಿಯೋದಾಗ ಅದಾಳ. ತಿದ್ದಾಕ ಅಂತ ಒಂದು ಸಾಲೂ ಬರದಿಲ್ಲ. ನಿಮ್ಮವ್ವಗ ಸಮುದ್ರ ದಾಟಿ ಪತ್ರ ಬರತಾವು."

ಆಮೇಲೆ ನಿನ್ನ ಪತ್ರವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೆಂಪು ಪೆನ್ಸಿಲ್ ಕೇಳಿದರು. ನಾನು ಬೇಡ ಎನ್ನುವಷ್ಟರಲ್ಲಿ ಬರೆದಾಗಿತ್ತು. "ಸಾಲಿ ಹುಡುಗೂರು ಪ್ರಬಂಧದಾಗ ಒಳ್ಳೇದಷ್ಟ ಬರೀತಾರ. ಇಷ್ಟು ಖರೇ ಬರದಾಕಿನ್ನ ನಾ ನೋಡಿಲ್ಲ" ಎಂದರು. ನಿನ್ನ ಪತ್ರ ಇದರ ಜೊತೆ ಇದೆ. ಕೊನೆಯಲ್ಲಿ ನೋಡು.

ಸುರುಳಿ ಅಲುಗಿದೆ, ಎಸಳು ಒಂದು ಕಡೆ ಕೂಡಿಲ್ಲ. ಅವರ ಕೈ ಈಗ ನಡುಗುತ್ತದೆ. ಹೊಸ ವರ್ಷದಿಂದ ಮರೆವು ಹೆಚ್ಚಿದೆ. ನನ್ನನ್ನು ಒಮ್ಮೊಮ್ಮೆ ಮಗಳ ಹೆಸರಿನಿಂದ ಕರೆಯುತ್ತಾರೆ. ನಾಲ್ಕು ಗಂಟೆಗೆ ಕಿಟಕಿಗೆ ಬರುವುದು ನೆನಪಿದೆ, ಬಿಸಿಲು ನೋಡುವುದೂ ನೆನಪಿದೆ. ಏನು ಕರೆಯಬೇಕು ಎಂಬುದು ಮರೆತಿದೆ. ಬಾಯಿ ತೆರೆದು, ಹುಡುಕಿ, ಮುಚ್ಚುತ್ತಾರೆ. ನಾನು ಹೇಳಿಕೊಡಲಿಲ್ಲ. ಆ ಮಾತು ನಿನ್ನದು ಎಂದು ನೀನು ಬರೆದಿದ್ದೆ.

ನಿನ್ನ ಪ್ರಶ್ನೆಗೆ ಉತ್ತರ, ಪೂರ್ಣ ವಾಕ್ಯದಲ್ಲಿ: ಪಾಸಾದರೆ ಇಲ್ಲಿಯೇ ಉಳಿಯಬೇಕು ಎಂದು ನನಗೆ ಆಸೆ ಇದೆ. ಆದರೆ ನಿನ್ನ ಕೆಂಪು ಬರುವುದು ನಿಂತರೆ ಉಳಿಯುವುದು ನನ್ನಿಂದ ಆಗುವುದಿಲ್ಲ. ಇದನ್ನೂ ತಿದ್ದದೆ ಇಟ್ಟುಕೊಂಡರೆ ಬೇಸಿಗೆಗೆ ಬಂದುಬಿಡುತ್ತೇನೆ.

ನಿನ್ನ
ಬ್ರಾಹ್ಮಿ


ಕಾಗವಾಡ
29 ಮಾರ್ಚ್ 2026

ಬ್ರಾಹ್ಮಿ,

ಜಯಜಿನೇಂದ್ರ. ನೀನು ಪಾಸಾದೆ ಎಂದು ಫೋನಿನಲ್ಲಿ ಹೇಳಿದಾಗ ನಾನು ಫೋನನ್ನು ನಿಮ್ಮಪ್ಪನ ಕೈಗೆ ಕೊಟ್ಟು ಒಳಗೆ ಹೋದೆನಲ್ಲ, ಅಳುವುದಕ್ಕೆ. ಅರ್ಧ ಖುಷಿಗೆ, ಇನ್ನರ್ಧ ಯಾವುದಕ್ಕೆ ಎಂದು ನಿನಗೆ ಗೊತ್ತು. ಹೊಟ್ಟೆಕಿಚ್ಚು ಹೋಗಿದೆ ಎಂದು ತಿಳಿಯಬೇಡ. ಇದೆ.

ನಿನ್ನ ಫೆಬ್ರವರಿಯ ಪತ್ರ ಬಂದ ದಿನ ಅದರಲ್ಲಿ ನನ್ನ ಪತ್ರ ಇರುವುದನ್ನು ಕಂಡು ಮೊದಲು ಉರಿದುಹೋದೆ. ನನ್ನ ಬರಹವನ್ನು ತಿದ್ದುವವರು ಯಾರು ಎಂದು. ತಿರುಗಿಸಿ ನೋಡಿದರೆ ತಪ್ಪಿನ ಗುರುತು ಒಂದೂ ಇಲ್ಲ, ಕೊನೆಯಲ್ಲಿ ಹೂವು. ಚಿಕ್ಕವಳಿದ್ದಾಗ ನಮ್ಮ ಮಾಸ್ತರರು ಕೈ ಮೇಲೆ ಪಟ್ಟಿಯಿಂದ ಬಾರಿಸಿದವರು. ನೌಕರಿಗೆ ಸೇರಿದ ಮೇಲೆ ಸಾಲಿ ತಪಾಸಣೆಗೆ ಸಾಹೇಬರು ಬಂದರೆ ಸಹಿ ಮಾಡಿ, ಚಹಾ ಕುಡಿದು ಹೋಗುತ್ತಿದ್ದರು. ನನ್ನ ಬರಹಕ್ಕೆ ಚೆನ್ನಾಗಿದೆ ಎಂದು ಯಾರೂ ಒಂದು ಗುರುತು ಹಾಕಿರಲಿಲ್ಲ ಬ್ರಾಹ್ಮಿ. ಅದನ್ನು ಇಟ್ಟುಕೊಂಡು ಪಡಸಾಲೆಯಲ್ಲಿ ಕುಳಿತೆ. ಆಗ, ಮೊದಲ ಹೂವು ಬಿದ್ದ ದಿನ ನೀನು ಕೋಣೆಯಲ್ಲಿ ಯಾಕೆ ಕುಳಿತಿದ್ದೆ ಎಂದು ತಿಳಿಯಿತು. ನಿಮ್ಮಪ್ಪ ಬಂದು, "ಏನಿದು, ಯಾರು ಕೊಟ್ರು?" ಎಂದು ಕೇಳಿದರು. "ಅಲ್ಲಿಯ ಅಕ್ಕೋರು ಕೊಟ್ಟಾರ" ಎಂದೆ.

ನಿನ್ನ ಎರಡು ಪತ್ರಗಳನ್ನೂ ತಿದ್ದಿ ಇದರಲ್ಲಿ ಇಟ್ಟಿದ್ದೇನೆ, ನವೆಂಬರಿನದು ಮತ್ತು ಫೆಬ್ರವರಿಯದು. ಒಂದು ತಪ್ಪನ್ನೂ ಬಿಟ್ಟಿಲ್ಲ. ಫೆಬ್ರವರಿಯ ಪತ್ರದ ಕೊನೆಯಲ್ಲಿ, ನೀನು ಪೂರ್ಣ ವಾಕ್ಯ ಬರೆದಿದ್ದೀಯಲ್ಲ, ಅದರ ಪಕ್ಕದಲ್ಲಿ ಒಂದು ಹೂವು ಹಾಕಲು ನೋಡಿದೆ. ನಿಮ್ಮಪ್ಪ ಜಿಲೇಬಿ ಎಂದರು. ನನಗೆ ರೂಢಿ ಇಲ್ಲ, ಹೂವು ಎಂದೇ ತಿಳಿದುಕೋ. ಅಥಣಿಯ ಡಾಕ್ಟರರಿಗೆ ಈ ವರ್ಷ ಬೇಡ ಎಂದು ಹೇಳಿ ಬಂದಿದ್ದೇನೆ. ಮಂಗಲಳಿಗೂ ಹೇಳಿದೆ, ಮಗಳು ಒಬ್ಬಳೇ ಕಲಿಯಲಿಲ್ಲ, ಅವಳಿಗೆ ಇಬ್ಬರು ಅಕ್ಕೋರು ಎಂದು.

ತೋಟದ ಒಣದ್ರಾಕ್ಷಿ ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ. ಫುಮಿ ಅಕ್ಕೋರಿಗೆ ಹಲ್ಲಿಲ್ಲದಿದ್ದರೆ ನೆನೆಸಿ ಕೊಡು. ಅಂಗಿ ತೊಡದೆ ಬೆಳೆದ ದ್ರಾಕ್ಷಿ ಎಂದು ನಿಮ್ಮಪ್ಪ ಹೇಳಲು ಹೇಳಿದ್ದಾರೆ.

ನಾಲ್ಕು ಗಂಟೆಗೆ ಅವರು ಕಿಟಕಿಯಲ್ಲಿ ಬಾಯಿ ತೆರೆದು ಹುಡುಕುವುದನ್ನು ಓದಿ ನನಗೆ ಆ ದಿನ ಊಟ ಇಳಿಯಲಿಲ್ಲ. ನಾನು ಬದುವಿನ ಮೇಲೆ ಮಾತು ಇದ್ದೂ ಕರೆಯದೆ ಬರುತ್ತೇನೆ, ಅವರು ಕರೆಯಲು ಬಂದು ಮಾತಿಲ್ಲದೆ ಕೂರುತ್ತಾರೆ. ಆ ಮಾತನ್ನು ಅವರಿಗೆ ಮತ್ತೆ ಕಲಿಸು. ನಾಳೆಯೂ ಮರೆತರೆ ನಾಳೆಯೂ ಕಲಿಸು. ಒಂದನೆಯ ಇಯತ್ತೆಯಲ್ಲಿ ನಾವು ಮಾಡುವುದೇ ಅದು. ಮೂರು ಸಲ ಕರೆಯುವವರೆಗೆ ನೀನು ಓಡಿ ಹೋಗಬೇಡ, ನಿಧಾನವಾಗಿ ಕರೆಯಲಿ.

ನಿನ್ನ ಅವ್ವ,
ಕಾಶಿಬಾಯಿ